ಐದನೆಯ ಪೊಟ್ಟಣ

ಪ್ರೀತಿಯ ಡೊರೊತಿ ಅಕ್ಕನಿಗೆ ಅಲ್ ಸದ್ದ್‌ನಿಂದ ಫಿಯೋನಾ ಮಾಡುವ ವಂದನೆಗಳು.

ಹೆಸರು ನೋಡಿದ ಕೂಡಲೇ ಕಾಗದ ಹರಿದುಹಾಕಬೇಡಿ. ಒಂಬತ್ತು ವರ್ಷದ ಮೇಲೆ ಬರೆಯುತ್ತಿದ್ದೇನೆ, ಅದೂ ಕೈಯಲ್ಲಿ. ಕೊಂಕಣಿಯಲ್ಲಿ ಸುರು ಮಾಡಿದರೆ ನಾಲ್ಕನೆಯ ಸಾಲಿಗೇ ಜಗಳಕ್ಕೆ ಇಳಿಯುತ್ತೇನೆ ಎಂದು ಕನ್ನಡ ಹಿಡಿದಿದ್ದೇನೆ. ನೀವು ಊರಿನಲ್ಲಿ ಕನ್ನಡ ಟೀಚರ್ ಆಗಿದ್ದವರು. ತಪ್ಪುಗಳಿಗೆ ಕೆಂಪು ಗೆರೆ ಎಳೆಯಿರಿ, ಆದರೆ ಕೊನೆಯವರೆಗೆ ಓದಿ.

ಮೊದಲು ಸುದ್ದಿ ಹೇಳುತ್ತೇನೆ. ನಮ್ಮ ಕಟ್ಟಡ ಕೆಡವುತ್ತಾರಂತೆ. ಅಕ್ಟೋಬರಿನೊಳಗೆ ಎಲ್ಲರೂ ಖಾಲಿ ಮಾಡಬೇಕು. ಎರಡನೆಯ ಮಹಡಿಯ ನಾಲ್ಕು ಫ್ಲ್ಯಾಟುಗಳಲ್ಲಿ ಇಪ್ಪತ್ತು ವರ್ಷ ಬಾಳಿದ ನಮ್ಮ 'ಏಕ್ ಮೇಜ್', ಆ ಒಂದೇ ಮೇಜಿನ ಕೂಟ, ಇನ್ನು ಒಟ್ಟಿಗೆ ಬೇರೆ ಜಾಗ ಹುಡುಕಬೇಕೋ, ಅಥವಾ ಅವರವರ ದಾರಿ ಅವರವರು ಹಿಡಿಯಬೇಕೋ ಎಂಬುದು ಹೊಸ ತೆನೆಯ ಮೊಂತಿ ಹಬ್ಬದ ಊಟದ ದಿನ ತೀರ್ಮಾನವಾಗಬೇಕು. ಕೆನೆತ್ ಕೈಚೆಲ್ಲಿದ್ದಾನೆ. "ಸುರು ಮಾಡಿದವರೇ ಇಲ್ಲ, ಇನ್ನೆಂತ ಉಂಟು? ಖಲಾಸ್ ಮಾಡುವ" ಎನ್ನುತ್ತಾನೆ. ಅವನು ಹಾಗೆ ಹೇಳಿದಾಗ ಎಲ್ಲರೂ ನನ್ನ ಮುಖ ನೋಡಿದರು. ನೋಡಬೇಕಾದದ್ದೇ.

ನಿಮಗೆ ಮೊದಲ ದಿನ ನೆನಪಿದೆಯೇ? ನಿಮ್ಮ ಯಜಮಾನರು ಕಜೆತಾನಣ್ಣ ಬಡಗಿಯಿಂದ ಹನ್ನೆರಡು ಜನ ಕೂರುವ ಮೇಜು ಮಾಡಿಸಿ ತಂದರು. ಅದು ಲಿಫ್ಟಿಗೆ ಹಿಡಿಸದೆ ಮೆಟ್ಟಿಲ ಮೇಲೆ ಹೊತ್ತು ತಂದೆವು. ಕೆನೆತ್ ಮತ್ತು ಅವನ ಹೆಂಡತಿ ನಟಾಶಾ, ಒಂಟಿ ಜೀವ ಡ್ಯಾರೆಲ್, ಮದುವೆಯಾಗಿ ಮೂರೇ ವಾರವಾಗಿದ್ದ ನಾನು ಮತ್ತು ಫ್ಲಾಯ್ಡ್. ಬೆವರು ಒರೆಸಿಕೊಳ್ಳುತ್ತಾ ಕಜೆತಾನಣ್ಣ ಭಾಷಣ ಮಾಡಿದರು: "ಮೊದಲಿನ ಕ್ರೈಸ್ತರು ಎಲ್ಲ ಹಂಚಿಕೊಂಡು ತಿಂದು ಬದುಕಿದ್ದಲ್ವಾ? ಊರಲ್ಲಿ ನಮ್ಮಿಂದ ಆಗ್ಲಿಲ್ಲ. ಈ ಗಲ್ಫಿನಲ್ಲಿ ಮಾಡಿ ತೋರಿಸುವ ಮಾರಾಯ್ರೆ." ನಾಲ್ಕು ಮನೆ, ಒಂದೇ ಒಲೆ. ಉಳಿದ ಮೂರು ಅಡುಗೆಮನೆಗಳಲ್ಲಿ ಒಂದು ಪ್ರಾರ್ಥನೆಯ ಕೋಣೆಯಾಯಿತು, ಇನ್ನೊಂದು ಮಕ್ಕಳ ಓದುವ ಜಾಗವಾಯಿತು, ಮೂರನೆಯದರಲ್ಲಿ ಡ್ಯಾರೆಲ್‌ನ ಸೈಕಲ್ಲು.

"ನಮ್ಮ ಮನೆಯಲ್ಲಿ ಹೀಗೆ ಮಾಡುವುದಿಲ್ಲ" ಎಂದು ಯಾರ ಬಾಯಿಂದ ಬಂತೋ ಅವರು ಆ ದಿನದ ಪಾತ್ರೆ ತೊಳೆಯಬೇಕು ಎಂಬ ಕಾನೂನು ನಿಮ್ಮದು. ಎಂಥ ಕಾನೂನು ಅಕ್ಕ! ಮೀನಿನ ಸಾರಿಗೆ ಹುಳಿ ಎಷ್ಟು, ತೆಂಗಿನಕಾಯಿ ಹುರಿಯಬೇಕೋ ಬೇಡವೋ ಎಂಬ ಮಾತು ಬಂದರೆ ಸಾಕು, ಸಿಂಕಿನ ಮುಂದೆ ಕ್ಯೂ. ಮೊದಲ ತಿಂಗಳು ಅತಿ ಹೆಚ್ಚು ತೊಳೆದವರು ಕಜೆತಾನಣ್ಣನೇ. ತೊಳೆಯುವವರ ಪಟ್ಟಿಯನ್ನೂ ಅವರೇ ಬರೆದು ಫ್ರಿಜ್ಜಿಗೆ ಅಂಟಿಸುತ್ತಿದ್ದರು.

ಆ ವರ್ಷದ ಮೊಂತಿ ಹಬ್ಬಕ್ಕೆ ಅವರು ಇನ್ನೂ ದೊಡ್ಡ ಮಾತು ಆಡಿದರು. ಊರಿನ ಚರ್ಚುಗಳಲ್ಲಿ ಆಶೀರ್ವದಿಸಿದ ತೆನೆ ಎಲ್ಲರಿಗೂ ಬಂದಿತ್ತು. ಅದರ ಹೊಸ ಅಕ್ಕಿಯನ್ನು ಅರೆದು ಹಾಲಿನಲ್ಲಿ ಬೆರೆಸಿ ಕುಡಿಯುವುದು ಒಂದೇ ಮನೆಯವರು ಮಾತ್ರ. ದೂರ ಇರುವ ಮಗನಿಗೂ ಅಂಚೆಯಲ್ಲಿ ನಾಲ್ಕು ಕಾಳು ಹೋಗುತ್ತದೆ, ಪಕ್ಕದ ಮನೆಗೆ ಹೋಗುವುದಿಲ್ಲ. ಕಜೆತಾನಣ್ಣ ಎಲ್ಲರ ತೆನೆಯನ್ನೂ ಒಂದೇ ಪಾತ್ರೆಗೆ ಸುರಿಸಿದರು. "ಇವತ್ತಿಂದ ನಾವು ಒಂದೇ ಮನೆ" ಎಂದರು. ನಟಾಶಾ ಅತ್ತಳು. ನಾನೂ ಅತ್ತೆ.

ಅದಾದ ಮೇಲೆ ಹನ್ನೊಂದು ಹಬ್ಬ ನಿಮ್ಮ ಜೊತೆ ಉಂಡೆ. ಆಮೇಲೆ ಆ ಶುಕ್ರವಾರ ಬಂತು. ಮಗಳು ಅನಿಶಾಳಿಗೆ ರಾಗಿ ಮಣ್ಣಿ ಮಾಡಲು ನಾನು ನಮ್ಮ ಕೋಣೆಯಲ್ಲಿ ಸಣ್ಣ ಕರೆಂಟ್ ಒಲೆ ಇಟ್ಟುಕೊಂಡಿದ್ದೆ. ನೀವು ಊಟದ ಮೇಜಿನಲ್ಲಿ ಎಲ್ಲರ ಎದುರಿಗೆ, "ಇಲ್ಲಿ ಎರಡನೇ ಒಲೆ ಇಲ್ಲ ಫಿಯೋನಾ" ಎಂದಿರಿ. ನನ್ನ ಪಿತ್ತ ನೆತ್ತಿಗೇರಿತು. ಹಬ್ಬದ ದಿನ ನೀವು ಬಾಗಿಲು ಹಾಕಿಕೊಂಡು ತವರಿನ ತೆನೆಯನ್ನು ಬೇರೆಯೇ ಅರೆದು ಕುಡಿದದ್ದನ್ನು ಕಣ್ಣಾರೆ ಕಂಡಿದ್ದೆ. ಅದನ್ನು ಸಾರಿನ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿದ ಹಾಗೆ ಹೇಳಿಬಿಟ್ಟೆ. ನೀವು ಸೌಟು ಕೆಳಗಿಟ್ಟು ಎದ್ದಿರಿ. ತಿಂಗಳೊಳಗೆ ಕಜೆತಾನಣ್ಣ ರಾಸ್ ಲಫಾನಿಗೆ ವರ್ಗ ಮಾಡಿಸಿಕೊಂಡರು, ನೀವಿಬ್ಬರೂ ಅಲ್ ಖೋರ್ ಸೇರಿದಿರಿ. ಮುಕ್ಕಾಲು ಗಂಟೆಯ ದಾರಿ. ಕಜೆತಾನಣ್ಣ ಚರ್ಚಿನಲ್ಲಿ ಸಿಗುತ್ತಾರೆ, ನೀವು ಬೇರೆ ಹೊತ್ತಿನ ಪೂಜೆಗೆ ಹೋಗುತ್ತೀರಿ.

ಈಗ ಕಾಗದ ಬರೆಯಲು ಕಾರಣ ಹೇಳುತ್ತೇನೆ. ಹೋದ ಶನಿವಾರ ಅಡುಗೆಮನೆಯ ಸಾಮಾನು ಕಟ್ಟಲು ಸುರು ಮಾಡಿದೆವು. ಫ್ಲಾಯ್ಡ್ ಅಕ್ಕಿಡಬ್ಬ ಸರಿಸಿದರು. ಹಿಂದೆ ಗೋಡೆಗೆ ಒತ್ತಿಕೊಂಡು ಒಂದು ಪ್ಲಾಸ್ಟಿಕ್ ಪೊಟ್ಟಣ, ಅದರಲ್ಲಿ ಭತ್ತದ ಕಾಳು. "ಇದು ಯಾರದ್ದು?" ಎಂದು ಕೇಳಿದರು. ಅದು ನನ್ನದು ಅಕ್ಕ. ಅಮ್ಮ ಪ್ರತಿ ವರ್ಷ ನನಗೇ ಎಂದು ಬೇರೆ ಕಟ್ಟಿ ಕಳಿಸುತ್ತಿದ್ದರು. ಮೊದಲ ವರ್ಷದಿಂದಲೂ ನಾನು ಗಂಡನಿಗೂ ಹೇಳದೆ ಬಚ್ಚಿಟ್ಟು ತಿಂದಿದ್ದೇನೆ. ನಿಮ್ಮ ಮಾನ ಕಳೆದ ಆ ಶುಕ್ರವಾರವೂ ಪೊಟ್ಟಣ ಅಲ್ಲೇ ಇತ್ತು. ಇದನ್ನು ಹೇಳಲು ಒಂಬತ್ತು ವರ್ಷ ಬೇಕಾಯಿತು. ನನಗೆ ನಾಚಿಕೆಯಾಗಿದೆ, ಕ್ಷಮಿಸಿ.

ನಾನು ಒಪ್ಪಿಕೊಂಡ ಕೂಡಲೇ ನಟಾಶಾ ತಲೆ ತಗ್ಗಿಸಿ ಹೋಗಿ ಹಳೆಯ ಹಾಲಿನ ಪುಡಿಯ ಡಬ್ಬದ ತಳದಿಂದ ತನ್ನದನ್ನು ತಂದಿಟ್ಟಳು. ಡ್ಯಾರೆಲ್ ಸೈಕಲಿನ ಟೂಲ್ ಚೀಲದಿಂದ ತೆಗೆದ! ನಗು ತಡೆಯಲಾಗದೆ ಕೆನೆತ್ ನೆಲದ ಮೇಲೆ ಕೂತುಬಿಟ್ಟ. ಅಷ್ಟರಲ್ಲಿ ಫ್ಲಾಯ್ಡ್ ಮೇಜಿನ ಮೇಲ್ಗಡೆ ಗೋಡೆಯಲ್ಲಿದ್ದ ಯೇಸುವಿನ ಪಟ ಇಳಿಸಿದರು. ಹಿಂಬದಿಗೆ ಟೇಪು ಹಾಕಿ ಅಂಟಿಸಿದ ಕಾಗದದ ಪೊಟ್ಟಣ, ಮೇಲೆ "ಅಮ್ಮನ ಗದ್ದೆಯದ್ದು" ಎಂಬ ಬರಹ. ಪಾತ್ರೆ ತೊಳೆಯುವ ಪಟ್ಟಿಯ ಅದೇ ಗುಂಡಗಿನ ಅಕ್ಷರ.

ಹೌದು ಅಕ್ಕ, ಕಜೆತಾನಣ್ಣನದು. ಭಾಷಣ ಮಾಡಿದವರದ್ದೇ. ಒಂದೇ ಮನೆ ಎಂದು ಹೇಳಿದವರು ನಿಮ್ಮಿಂದಲೂ ಅಡಗಿಸಿಟ್ಟಿದ್ದರು. ಪಾಪ, ಜಾಸ್ತಿ ಬೈಯಬೇಡಿ. ಇಷ್ಟೂ ಕಳ್ಳರು ಸೇರಿ ಹನ್ನೊಂದು ವರ್ಷ ಒಂದೇ ಮೇಜಿನಲ್ಲಿ ಉಂಡೆವು, ಒಬ್ಬರ ಮಕ್ಕಳನ್ನು ಇನ್ನೊಬ್ಬರು ಸ್ಕೂಲಿಗೆ ಕಳಿಸಿದೆವು, ಜ್ವರ ಬಂದಾಗ ಗಂಜಿ ಬೇಯಿಸಿಕೊಟ್ಟೆವು. ಅದರಲ್ಲಿ ಸುಳ್ಳು ಎಲ್ಲಿತ್ತು ಹೇಳಿ.

ನಾಲ್ಕು ಪೊಟ್ಟಣಗಳು ಈಗ ಮೇಜಿನ ನಡುವೆ ಕೂತಿವೆ. ಹಬ್ಬ ಯಾವ ವಾರ ಬಂದರೂ ಎಂದಿನಂತೆ ನಮ್ಮ ಊಟ ಶುಕ್ರವಾರವೇ. ಕೆಸುವಿನ ದಂಟು, ಅಲಸಂಡೆ, ಬೆಂಡೆ ಎಲ್ಲ ಸೇರಿ ಏಳು ಬಗೆ. ಬಚ್ಚಿಟ್ಟದ್ದನ್ನು ಈ ಸಲ ಎಲ್ಲರ ಎದುರಿಗೆ ಅರೆಯುತ್ತೇವೆ. ಬೇರೆ ಬೇರೆ ಲೋಟಕ್ಕೋ ಒಂದೇ ಪಾತ್ರೆಗೋ ಎಂದು ನೀವೇ ಬಂದು ಹೇಳಬೇಕು. ಐದನೆಯ ಪೊಟ್ಟಣ ನಿಮ್ಮ ಹತ್ತಿರ ಇದೆ ಎಂದು ನನಗೆ ಗೊತ್ತು. ಅದು ಬರುವವರೆಗೆ ಅರೆಯುವ ಕಲ್ಲು ಮುಟ್ಟುವುದಿಲ್ಲ ಎಂದು ಕೆನೆತ್ ಕೂಡ ಒಪ್ಪಿದ್ದಾನೆ.

ಬನ್ನಿ ಅಕ್ಕ. ನಮ್ಮ ಮನೆಯಲ್ಲಿ ಹಿರಿಯರು ಬಡಿಸದೆ ಹಬ್ಬದ ಊಟ ಸುರು ಮಾಡುವುದಿಲ್ಲ.

ನೋಡಿ, ಹೇಳಿಬಿಟ್ಟೆ. ಆ ದಿನದ ಪಾತ್ರೆ ಪೂರಾ ನನ್ನದೇ.

ಮೊಂತಿ ಮಾತೆ ನಿಮ್ಮಿಬ್ಬರನ್ನೂ ಸುಖವಾಗಿ ದಾರಿ ದಾಟಿಸಿ ಕರೆತರಲಿ.

ಸಿಂಕಿನ ಮುಂದೆ ಕಾಯುವ,
ನಿಮ್ಮ ಜಗಳಗಂಟಿ ತಂಗಿ
ಫಿಯೋನಾ