ಲೈಬ್ರರಿ ಮೇಡಂ ಬಿಟ್ಟುಹೋದ ಕನ್ನಡಕ

ಜೂನ್ ೧೪, ಗುರುವಾರ

ಸಂಜೆಯಿಂದ ನನ್ನ ಕೈಗಳ ಮೇಲೇ ನನಗೆ ಸಿಟ್ಟು. ಲೈಬ್ರರಿ ಮೇಡಂ ನನ್ನ ಕನ್ನಡಕದ ಅಂಗಡಿಗೆ ಬಂದು ಎದುರು ಕೂತರು. ಅವರನ್ನು ನೇರ ನೋಡುವ ಧೈರ್ಯ ನನಗೆ ಎಂದೂ ಇಲ್ಲ. ಪ್ರತಿ ತಿಂಗಳಂತೆ ಕನ್ನಡಕ ತೆಗೆದು ಸರಿಮಾಡೋಣವೆಂದು ಎರಡೂ ಕೈ ಅವರ ಕಿವಿಯವರೆಗೆ ಹೋದವು. ಅಲ್ಲಿ ಕನ್ನಡಕವೇ ಇರಲಿಲ್ಲ!

ಅವರು ನಕ್ಕುಬಿಟ್ಟರು. "ಕಣ್ಣಿಗೆ ಲೇಸರ್ ಮಾಡಿಸ್ಕೊಂಡೆ ಕಣ್ರೀ. ಯಂತ್ರದಲ್ಲಿ ನನ್ನ ಕಣ್ಣಿನ ನಕ್ಷೆ ತೆಗೆದು, ಅದರ ಅಳತೆಗೇ ಮಾಡಿದ್ರು. ಇನ್ಮೇಲೆ ನಿಮಗೆ ನನ್ನ ಕಾಟ ತಪ್ತು."

"ಒಳ್ಳೇದಾಯ್ತು ಬಿಡಿ ಮೇಡಂ," ಅಂದೆ.

ಕಾಟವಂತೆ! ಅವರ ಎಡಗಿವಿ ಬಲಗಿವಿಗಿಂತ ಕೂದಲೆಳೆಯಷ್ಟು ಮೇಲಿದೆ. ಅದಕ್ಕೇ ಕನ್ನಡಕ ವಾಲುತ್ತಿತ್ತು, ಅದಕ್ಕೇ ಅವರು ಬರುತ್ತಿದ್ದರು. ಕಣ್ಣು ಅಳೆದ ಆ ಯಂತ್ರಕ್ಕೆ ಕಿವಿಯ ವಿಷಯ ಏನು ಗೊತ್ತು?

"ಯಾರಿಗಾದ್ರೂ ಕೊಡಿ" ಅಂತ ಹಳೆಯ ಕನ್ನಡಕ ಬಿಟ್ಟುಹೋದರು. ಕೊಡುವ ಮನಸ್ಸಿಲ್ಲ. ಈಗಷ್ಟೇ ಅದನ್ನು ಹಾಕಿಕೊಂಡು ಕನ್ನಡಿ ನೋಡಿದೆ. ನನ್ನ ಮುಖ ಬರೀ ಮಸುಕು. ಕನ್ನಡಕ ನನ್ನ ಕೈಯಲ್ಲಿದ್ದಷ್ಟು ಹೊತ್ತು ಅವರಿಗೂ ನಾನು ಹೀಗೇ ಕಾಣುತ್ತಿದ್ದೆನೇನೋ.

ಮಸುಕಾಗಿಯಾದರೂ ಕಾಣುತ್ತಿದ್ದೆನಲ್ಲ.