ಎತ್ತಿಕೊಡುವ ದನಿ

ಹೊನ್ನಾವರ
20 ಜುಲೈ 2024

ಕಾಗಾಲದ ನನ್ನ ಅವ್ವನಿಗೆ ಸುಚಿತಾಳ ನಮಸ್ಕಾರ.

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಲೋಕೇಶಣ್ಣನ ಹತ್ತಿರ ಕೇಳಿದರೆ, "ಅವಳ ಕೂಡೆ ನಂಗೆಂತ ಮಾತು" ಅನ್ನುತ್ತೀಯಂತೆ. ಆತು, ಮಾತು ಬೇಡ. ಪತ್ರವನ್ನು ನಡುವೆ ಕಟ್ ಮಾಡಲಿಕ್ಕೆ ಬರುವುದಿಲ್ಲ. ಪವಿತ್ರಾ ಅತ್ತಿಗೆ ಹತ್ತಿರ ಓದಿಸಿ ಪೂರ್ತಿ ಕೇಳು.

ಮೊದಲೇ ಹೇಳಿಬಿಡುತ್ತೇನೆ, ನಾನು ಬಿಡುವುದಿಲ್ಲ. ನೀನು ಕಲಿಸಿದ ಎಂಟು ಹಾಡು ನನ್ನೊಬ್ಬಳ ದನಿಯಲ್ಲಿ, ನನ್ನ ಹೆಸರಿನಲ್ಲೇ ರೆಕಾರ್ಡ್ ಆಗಿ ಬರುತ್ತವೆ. ಒಬ್ಬಳೇ ಹಾಡುವವಳು ಹೆಣದ ಮುಂದೆ ಅಳುವವಳು ಮಾತ್ರ ಎಂದು ಅಣ್ಣನ ಫೋನಿನಿಂದ ವಾಯ್ಸ್ ಮೆಸೇಜಿನಲ್ಲಿ ಬೈದು ಕಳಿಸಿದೆಯಲ್ಲ, ನಿನ್ನ ಮಾತು ಸುಳ್ಳಲ್ಲ. ನಮ್ಮಲ್ಲಿ ಒಬ್ಬರು ಹಾಡಿನ ಸಾಲು ಎತ್ತಿಕೊಡಬೇಕು, ಇನ್ನೊಬ್ಬರು ಹಿಡಿದುಕೊಳ್ಳಬೇಕು. ಗದ್ದೆಯಲ್ಲಿ ಸಸಿ ನೆಡುವಾಗ ನೀನು ಎತ್ತಿದೆ, ನಾನು ಹಿಡಿದೆ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ರಾಜೀವರ ಸ್ಟುಡಿಯೋದಲ್ಲಿ ಭಕ್ತಿಗೀತೆಗಳಿಗೆ ಕೋರಸ್ ಹಾಡಿದೆ. ಹಾಡಿದವರ ಹೆಸರಿನ ಮುಂದೆ "ಮತ್ತು ಸಂಗಡಿಗರು" ಎಂದು ಹಾಕುತ್ತಾರೆ. ಆ ಸಂಗಡಿಗರಲ್ಲಿ ಒಬ್ಬಳು ನಿನ್ನ ಮಗಳು. ಇಷ್ಟು ವರ್ಷ ಆಯಿತು, ಇನ್ನು ಸಾಕು.

ಆದರೆ ನಿನ್ನ ಹತ್ತಿರ ಮುಚ್ಚಿಡುವುದೆಂತಕ್ಕೆ. ಹೋದ ವಾರ ಮೈಕಿನ ಮುಂದೆ ನಿಂತಾಗ ಹಾಡು ಸುರು ಮಾಡಲಿಕ್ಕೇ ಆಗಲಿಲ್ಲ. ರಾಜೀವರು ಗಾಜಿನ ಆಚೆಯಿಂದ ಕೈ ಮಾಡಿದರು. ನಾನು ಬಾಯಿ ತೆರೆದು, ಯಾರೋ ಎತ್ತಿಕೊಡುತ್ತಾರೆಂದು ಕಾಯುತ್ತ ನಿಂತೆ. ಹುಟ್ಟಿದಾಗಿನಿಂದ ನಾನಾಗಿ ಒಂದು ಹಾಡನ್ನೂ ಸುರು ಮಾಡಿಲ್ಲ ಎಂಬುದು ಆಗಲೇ ಗೊತ್ತಾದದ್ದು. ಹಾರ್ಮೋನಿಯಂನಲ್ಲಿ ಶ್ರುತಿ ಕೊಟ್ಟರು, ಅದನ್ನು ಹಿಡಿದು ಹಾಡು ಎತ್ತಲಿಕ್ಕೂ ಬರಲಿಲ್ಲ. ಕಡೆಗೆ ರಾಜೀವರು, "ಅಕ್ಕಾ, ಬರುವ ಶುಕ್ರವಾರವೂ ಆಗದಿದ್ರೆ ಧನ್ಯಶ್ರೀ ಹತ್ತಿರ ಹಾಡಿಸ್ತೆ, ನೀವು ಕೋರಸ್ಸಿಗೆ ನಿಲ್ಲಿ" ಎಂದರು. ಸ್ಟುಡಿಯೋದಲ್ಲಿ ಹಾಡುವ ಧನ್ಯಶ್ರೀ ಒಳ್ಳೆಯ ಹುಡುಗಿ, ಅವಳ ಮೇಲೆ ನನಗೇನೂ ಇಲ್ಲ. ಆದರೆ ನನ್ನವ್ವನ ಹಾಡಿಗೆ ನಾನೇ "ಸಂಗಡಿಗರು" ಎಂದರೆ ಮೈ ಉರಿಯುವುದಿಲ್ಲವಾ, ನೀನೇ ಹೇಳು.

ನಿನ್ನೆ ಶುಕ್ರವಾರ. ಮಳೆಯ ಸದ್ದು ಒಳಗೆ ಬರಬಾರದೆಂದು ಕಿಟಕಿಗೆಲ್ಲ ಕಂಬಳಿ ಕಟ್ಟಿದ್ದರು. ಸುರು ಮಾಡಿದೆ ಅವ್ವ. ಗದ್ದೆಯ ಹಾಡು ಒಂದೇ ಸಲಕ್ಕೆ ಪೂರ್ತಿ ಆಯಿತು. ರಾಜೀವರು ಹೊರಗೆ ಬಂದು, ಈ ದನಿಯನ್ನು ಇಷ್ಟು ದಿನ ಎಲ್ಲಿ ಇಟ್ಟಿದ್ದಿರಿ ಎಂದು ಕೇಳಿದರು. ಮೊದಲು ಚಾ ತರಿಸಿ ಎಂದೆ.

ಕೆಸರಿನಲ್ಲಿ ನಿಂತು ಕಾಲು ಬಿರಿಯುತ್ತದೆ, ಎಣ್ಣೆ ಹಚ್ಚಿಕೋ. ಚವತಿಗೆ ಬರುತ್ತೇನೆ. ಬಾಗಿಲು ಹಾಕಿಕೊಂಡರೆ ಜಗಲಿಯಲ್ಲೇ ಕೂತು ಹಾಡುತ್ತೇನೆ, ಕೇರಿಯವರೆಲ್ಲ ಬಂದು ಕೇಳಲಿ.

ಇಂತಿ ನಿನ್ನಷ್ಟೇ ಹಟದ ಮಗಳು,
ಸುಚಿತಾ

ತಾ.ಕ.: ನಿನ್ನೆ ಹೇಗೆ ಸುರು ಮಾಡಿದೆ ಎಂದು ಬರೆಯಲೇ ಇಲ್ಲ. ನೀನು ಬೈದು ಕಳಿಸಿದ್ದನ್ನು ಹೆಡ್‌ಫೋನಿನಲ್ಲಿ ಹಾಕಿಕೊಂಡೆ. "ಹೆಣದ ಮುಂದೆ ಅಳೂಕೆ ಹೋಗು" ಅನ್ನುವಾಗ ದನಿ ಏರಿಸಿದ್ದೀಯಲ್ಲ, ಗದ್ದೆಯಲ್ಲಿ ನೀನು ಹಾಡು ಎತ್ತಿಕೊಡುವುದೂ ಅದೇ ದನಿಯಲ್ಲಿ. ಅಲ್ಲಿಂದಲೇ ಹಿಡಿದುಕೊಂಡೆ. ಇನ್ನೂ ಏಳು ಹಾಡು ಉಳಿದಿವೆ. ಶುಕ್ರವಾರದೊಳಗೆ ಮತ್ತೊಮ್ಮೆ ಬೈದು ಕಳಿಸು ಅವ್ವ.