ಪಕ್ಕದವಳ ತಟ್ಟೆ

ಅಕ್ಕಾ,

ಮಕ್ಕಳನ್ನು ನಿನ್ನ ಮಡಿಲಿಗೆ ಹಾಕಿ ಬಂದ ನಾನು ಇಲ್ಲಿ ಕ್ಷೇಮ. ಅವರು ಹುಟ್ಟಿದಾಗ ಬಿಟ್ಟಿದ್ದ ಕನ್ನಡಕದ ಗಾಜು ಉಜ್ಜಿ ಅಳತೆಗೆ ತರುವ ಕೆಲಸ ಈ ತರಬೇತಿಯಲ್ಲಿ ಮತ್ತೆ ಕೈಗೆ ಹತ್ತುತ್ತಿದೆ. ಮೈ ಮಾತ್ರ ಇಳಿಯಲೊಲ್ಲದು. ಯಾಕೆಂದು ಇವತ್ತು ಗೊತ್ತಾಯಿತು, ಅದೂ ಮಾನ ಹರಾಜಾದ ಮೇಲೆ.

ಕ್ಯಾಂಟೀನಿನಲ್ಲಿ ಪಕ್ಕ ಕೂತಿದ್ದ ಹುಡುಗಿ ಅರ್ಧ ಬ್ರೆಡ್ಡು ಬಿಟ್ಟು ನೀರು ತರಲು ಹೋದಳು. ತಿರುಗಿ ಬರುವಷ್ಟರಲ್ಲಿ ಅದು ನನ್ನ ಹೊಟ್ಟೆಯಲ್ಲಿತ್ತು!

"ಆಂಟೀ, ಅದು ನನ್ನ ತಟ್ಟೆ!"

"ಬಿಟ್ಟು ಎದ್ದೆಯಲ್ಲಮ್ಮ, ದಂಡ ಆಗುತ್ತಲ್ಲಾ ಅಂತ..." ಎಂದು ತೊದಲಿದೆ. ಮನೆಯಲ್ಲಿ ಇಷ್ಟು ವರ್ಷ ಮಾಡಿದ್ದೂ ಇದನ್ನೇ ತಾನೇ?

ಅಡುಗೆಯವರು ನಗು ತಡೆದುಕೊಂಡು, "ನಿಮಗೇನಿಷ್ಟ ಹೇಳಿ, ಬಿಸಿಯಾಗಿ ಮಾಡಿಕೊಡ್ತೀನಿ" ಅಂದರು. "ಖಾರ ಬೇಡ, ಮಕ್ಕಳು..." ಎಂದು ಬಾಯಿಗೆ ಬಂದುಬಿಟ್ಟಿತು. ಮಕ್ಕಳೆಲ್ಲಿದ್ದಾರೆ ಇಲ್ಲಿ? ನನಗೇನಿಷ್ಟವೆಂದು ನೆನಪು ಮಾಡಿಕೊಳ್ಳಲು ಸ್ವಲ್ಪ ಹೊತ್ತೇ ಹಿಡಿಯಿತು. ಆಮೇಲೆ ಹಸಿಮೆಣಸಿನಕಾಯಿ ಧಾರಾಳವಾಗಿ ಹಾಕಿಸಿಕೊಂಡು ಆಮ್ಲೆಟ್ ತಿಂದೆ. ಕಣ್ಣು ಮೂಗೆಲ್ಲ ನೀರು, ಆದರೂ ನಿಲ್ಲಿಸಲಿಲ್ಲ. ಚಿಕ್ಕಂದಿನಲ್ಲಿ ನೀನು ನನ್ನನ್ನು ಮೆಣಸಿನಕಾಯಿ ಅಂತಲೇ ಕರೆಯುತ್ತಿದ್ದೆ, ನೆನಪಿದೆಯಾ?

ನನ್ನ ಮಂಡಿನೋವು ಕಡಿಮೆಯಾಗಿದೆ. ಬಿಗಿಯಾಯಿತೆಂದು ನನ್ನ ನೀಲಿ ರವಿಕೆಯ ಹೊಲಿಗೆ ಬಿಚ್ಚಿಸಬೇಡ, ಇನ್ನು ಮೈ ಇಳಿದೀತು, ನೋಡೋಣ.

ಕಾರ್ಡು ತುಂಬಿತು. ಒಂದೇ ಮಾತು: ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದನ್ನು ನೀನು ತಿನ್ನಬೇಡ.

ಸದ್ಯಕ್ಕಿನ್ನೂ ದೊಣ್ಣೆಮೆಣಸಿನಕಾಯಿಯೇ ಆಗಿರುವ
ನಿನ್ನ ತಂಗಿ